ಎಲೆಕ್ಟ್ರಾನ್ ಎಣಿಸಿದ ಬಟ್ಟಲು

ವಾಯೇಜರ್ 1 ನೌಕೆ ಗುರುಗ್ರಹದ ಮಗ್ಗುಲಲ್ಲಿ ಹಾದುಹೋದದ್ದು 1979ರ ಮಾರ್ಚ್ 5ರಂದು. ಆ ತಿಂಗಳು ಜಗತ್ತಿನ ಪತ್ರಿಕೆಗಳ ತುಂಬ ಅದರ ಚಿತ್ರಗಳೇ: ಗುರುವಿನ ಕೆಂಪು ಮಚ್ಚೆ, ಅಯೋ ಎಂಬ ಉಪಗ್ರಹದ ಕಲೆಗಟ್ಟಿದ ಮುಖ, ಆಮೇಲೆ ಅದೇ ಅಯೋದ ಅಂಚಿನಲ್ಲಿ ಮೇಲೆದ್ದ ಜ್ವಾಲಾಮುಖಿ. ಭೌತಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ನಾನು ಅವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ಮುಂದೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಬಂದ ಮೇಲೆ ನನ್ನ ಆಸಕ್ತಿ ನಿಧಾನವಾಗಿ ಅದೇ ನೌಕೆಯ ಬೇರೊಂದು ಉಪಕರಣದ ಕಡೆಗೆ ಹೊರಳಿತು. ಅದು ಒಂದೇ ಒಂದು ಚಿತ್ರವನ್ನೂ ತೆಗೆದದ್ದಲ್ಲ. ನೌಕೆಯ ಉದ್ದನೆಯ ತೋಳಿನ ಮೇಲೆ ಕೂತಿದ್ದ, ಬಾಯಿ ತೆರೆದ ನಾಲ್ಕು ಲೋಹದ ಬಟ್ಟಲುಗಳು ಅಷ್ಟೆ. ಬಾಯೊಳಗೆ ಬಿದ್ದ ವಿದ್ಯುತ್ ಕಣಗಳ ಪ್ರವಾಹವನ್ನು ಅಳೆಯುವುದು ಅವುಗಳ ಕೆಲಸ. ಆ ಬಟ್ಟಲುಗಳು ಎಲ್ಲಿಂದ ಬಂದವು, ಗುರು ಮತ್ತು ಶನಿಯ ಸುತ್ತ ಏನು ಕಂಡವು, ಕಂಡದ್ದನ್ನು ನಂಬಲು ವಿಜ್ಞಾನಿಗಳು ಎಷ್ಟು ಪಾಡುಪಟ್ಟರು ಎಂಬುದನ್ನು ಬರೆಯಬೇಕೆಂದು ನನಗೆ ಬಹುಕಾಲದ ಆಸೆ. ಚಿತ್ರಗಳು ಹೊಗಳಿಕೆ ಪಡೆದವು, ಅದು ಸರಿಯೇ. ಚಿತ್ರದೊಳಗಿನ ಕಾರಣವನ್ನು ಹೇಳಿದ್ದು ಮಾತ್ರ ಬಹುಪಾಲು ಎಲೆಕ್ಟ್ರಾನುಗಳು.

ಗುರುವಿನ ಎಲೆಕ್ಟ್ರಾನುಗಳು ತಮ್ಮ ಸುದ್ದಿಯನ್ನು ತಾವೇ ಭೂಮಿಗೆ ಕಳಿಸಿದ್ದವು, ನಾವು ಅಲ್ಲಿಗೆ ಹೋಗುವ ಎಷ್ಟೋ ಮೊದಲು. 1955ರಲ್ಲಿ ಅಮೆರಿಕದ ಕಾರ್ನೆಗಿ ಸಂಸ್ಥೆಯ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಮೇರಿಲ್ಯಾಂಡಿನ ಬಯಲೊಂದರಲ್ಲಿ ತಂತಿಗಳ ದೊಡ್ಡ ಆಂಟೆನಾ ಹೂಡಿ ಆಕಾಶದ ರೇಡಿಯೋ ಸದ್ದು ಕೇಳುತ್ತಿದ್ದರು. 22.2 ಮೆಗಾಹರ್ಟ್ಸ್‌ನಲ್ಲಿ ಆಗಾಗ ಒಂದು ಗದ್ದಲ ಬರುತ್ತಿತ್ತು. ನೆಲದ ಮೇಲಿನ ಯಾವುದೋ ಯಂತ್ರದ್ದಿರಬೇಕು ಎಂದುಕೊಂಡಿದ್ದರು. ಆದರೆ ಅದು ನಕ್ಷತ್ರಗಳ ಜೊತೆ ಸರಿಯುತ್ತ, ಗುರು ಎಲ್ಲಿದ್ದಾನೋ ಅಲ್ಲಿಂದಲೇ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಇನ್ನೊಂದು ಬಗೆಯ, ಕಡಿಮೆ ಅಲೆಯುದ್ದದ ರೇಡಿಯೋ ಹೊಳಪೂ ಗುರುವಿನಿಂದ ಸಿಕ್ಕಿತು. ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತಿದರೆ ಮಾತ್ರ ಹಾಗೆ ಹೊಳೆಯಲು ಸಾಧ್ಯ. 1964ರಲ್ಲಿ ಇ. ಕೆ. ಬಿಗ್ ಎಂಬ ವಿಜ್ಞಾನಿ ಮತ್ತೂ ವಿಚಿತ್ರವಾದದ್ದನ್ನು ತೋರಿಸಿದರು: ಆ ಮೊದಲ ಗದ್ದಲ ಏಳುವುದೂ ಅಡಗುವುದೂ ಅಯೋ ತನ್ನ ಕಕ್ಷೆಯಲ್ಲಿ ಎಲ್ಲಿದೆ ಎಂಬುದರ ಮೇಲೆ ನಿಂತಿತ್ತು. ನಮ್ಮ ಚಂದ್ರನಿಗಿಂತ ಸ್ವಲ್ಪವೇ ದೊಡ್ಡದಾದ ಒಂದು ಉಪಗ್ರಹ ಗುರುವಿನಂಥ ದೈತ್ಯನ ರೇಡಿಯೋ ಮಾತನ್ನು ಹತೋಟಿಯಲ್ಲಿ ಇಟ್ಟುಕೊಂಡಿರುವುದು ಹೇಗೆ? ಉತ್ತರಕ್ಕೆ ಹದಿನೈದು ವರ್ಷ ಕಾಯಬೇಕಾಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ದೈತ್ಯಗ್ರಹವೊಂದರ ಕಾಂತಗೋಳದಲ್ಲಿ, ಎಂದರೆ ಅದರ ಕಾಂತಕ್ಷೇತ್ರ ಸೂರ್ಯನಿಂದ ಹರಿದುಬರುವ ಸೌರಮಾರುತವನ್ನು ಒತ್ತರಿಸಿ ತನ್ನದಾಗಿ ಮಾಡಿಕೊಂಡ ವಿಶಾಲ ಪ್ರದೇಶದಲ್ಲಿ, ಎಲೆಕ್ಟ್ರಾನುಗಳು ಎರಡು ಜಾತಿಯವು. ಲಕ್ಷಗಟ್ಟಲೆ, ಕೋಟಿಗಟ್ಟಲೆ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯವು ಒಂದು ಜಾತಿ. ಅವು ವಿಕಿರಣ ಪಟ್ಟಿಯವು, ನೌಕೆಯ ಗೋಡೆಯನ್ನೇ ತೂರಿ ಒಳಗಿನ ಸರ್ಕ್ಯೂಟುಗಳನ್ನು ಕೆಡಿಸಬಲ್ಲವು. ಇನ್ನೊಂದು ಜಾತಿ ಕೆಲವೇ ಎಲೆಕ್ಟ್ರಾನ್ ವೋಲ್ಟ್‌ನಿಂದ ಕೆಲವು ಸಾವಿರದವರೆಗಿನದು. ಇವೇ ಪ್ಲಾಸ್ಮಾದ, ಎಂದರೆ ಅಯಾನುಗಳೂ ಎಲೆಕ್ಟ್ರಾನುಗಳೂ ಬೆರೆತ ಅನಿಲದ, ಎಲೆಕ್ಟ್ರಾನುಗಳು. ಸಂಖ್ಯೆಯಲ್ಲಿ ಅಲ್ಲಿ ಇವೇ ಬಹುಪಾಲು. ಒಂದು ಎಲೆಕ್ಟ್ರಾನ್ ವೋಲ್ಟ್ ಎಂದರೆ ಸುಮಾರು 11,600 ಕೆಲ್ವಿನ್ ತಾಪಕ್ಕೆ ಸಮ. ಆದ್ದರಿಂದ ಪ್ಲಾಸ್ಮಾದವರು ಐದು ಎಲೆಕ್ಟ್ರಾನ್ ವೋಲ್ಟ್‌ನದನ್ನು ‘ತಣ್ಣಗಿನದು’ ಎಂದು ಕರೆಯುವಾಗ ಅವರು ಸೂರ್ಯನ ಮೇಲ್ಮೈಗಿಂತ ಹತ್ತು ಪಟ್ಟು ಬಿಸಿಯ ವಸ್ತುವಿನ ಮಾತಾಡುತ್ತಿರುತ್ತಾರೆ ಎಂಬುದನ್ನು ನೆನಪಿಡಬೇಕು.

1973ರ ಡಿಸೆಂಬರಿನಲ್ಲಿ ಪಯೋನಿಯರ್ 10 ಗುರುವನ್ನು ಮೊದಲು ಮುಟ್ಟಿದಾಗ ಸುದ್ದಿಯಾದದ್ದು ಮೊದಲ ಜಾತಿ. ಭೂಮಿಯ ವಿಕಿರಣ ಪಟ್ಟಿಗಳನ್ನು ಕಂಡುಹಿಡಿದಿದ್ದ ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ಅವರ ಗೈಗರ್ ಕೊಳವೆಗಳು ಅದರಲ್ಲಿದ್ದವು. ಆ ವಿಕಿರಣ ಎಷ್ಟು ಘೋರವಾಗಿತ್ತೆಂದರೆ ನೌಕೆಯೊಳಗೆ ಯಾರೂ ಕೊಡದ ಆದೇಶಗಳು ತಾವಾಗಿ ಹುಟ್ಟಿಕೊಂಡವು. ಅಯೋದ ಹತ್ತಿರದ ಚಿತ್ರ ಕೈತಪ್ಪಿತು. ಒಂದು ವರ್ಷದ ನಂತರ ಪಯೋನಿಯರ್ 11 ಕೂಡ ಅದೇ ಹಾದಿ ತುಳಿಯಿತು. ಆ ಎರಡು ನೌಕೆಗಳು ಗುರುವಿನ ಬಳಿ ಉಳಿದು ಬಾಳುವುದು ಸಾಧ್ಯ ಎಂದು ತೋರಿಸಿಕೊಟ್ಟವು. ಮಂದಗತಿಯ ಎಲೆಕ್ಟ್ರಾನುಗಳ ಕಥೆಯ ಬಹುಭಾಗ ವಾಯೇಜರಿಗೆ ಉಳಿಯಿತು.

ಈಗ ಬಟ್ಟಲಿನ ವಿಚಾರ. ಅದಕ್ಕೆ ಫ್ಯಾರಡೆ ಕಪ್ ಎಂದು ಹೆಸರು. ಅದರ ಬಾಹ್ಯಾಕಾಶದ ವಂಶಾವಳಿ ಎರಡು ಕಡೆಯಿಂದ ಶುರುವಾಗುತ್ತದೆ. ಒಂದು ಸೋವಿಯತ್ ಕಡೆ: ಮೊದಲ ಸ್ಪುಟ್ನಿಕ್‌ನ ರೇಡಿಯೋ ಪ್ರೇಷಕವನ್ನು ರೂಪಿಸಿದ ಕಾನ್‌ಸ್ಟಂಟಿನ್ ಗ್ರಿಂಗಾಜ್ 1959ರಲ್ಲಿ ಲೂನಾ ನೌಕೆಗಳಲ್ಲಿ ಅಯಾನುಗಳನ್ನು ಹಿಡಿಯುವ ಬಲೆಗಳನ್ನು ಕಳಿಸಿದ್ದರು. ಇನ್ನೊಂದು ಅಮೆರಿಕದ ಎಂಐಟಿ ಕಡೆ. ಅಲ್ಲಿ ಬ್ರೂನೊ ರಾಸಿ ಇದ್ದರು. ವೆನಿಸ್ಸಿನಲ್ಲಿ ಹುಟ್ಟಿ, ವಿಶ್ವಕಿರಣಗಳ ಅಧ್ಯಯನದಲ್ಲಿ ಹೆಸರು ಮಾಡಿ, 1938ರಲ್ಲಿ ಮುಸೊಲಿನಿ ಸರ್ಕಾರದ ಜನಾಂಗೀಯ ಕಾನೂನುಗಳಿಂದಾಗಿ ಇಟಲಿ ಬಿಟ್ಟುಬಂದವರು. ಅವರೂ ಅವರ ಶಿಷ್ಯ ಹರ್ಬರ್ಟ್ ಬ್ರಿಜ್ಜೂ ಸೇರಿ ತಯಾರಿಸಿದ ಬಟ್ಟಲು 1961ರ ಮಾರ್ಚ್ 25ರಂದು ಎಕ್ಸ್‌ಪ್ಲೋರರ್ 10ರಲ್ಲಿ ಹಾರಿತು. ಬರೀ ಬ್ಯಾಟರಿಯ ಮೇಲೆ ನಡೆದ ಆ ನೌಕೆ ಬದುಕಿದ್ದು ಎರಡು ದಿನ ಚಿಲ್ಲರೆ. ಅಷ್ಟರಲ್ಲೇ ಅದು ಭೂಮಿಯ ಕಾಂತಗೋಳದ ಗಡಿಯನ್ನು ಮತ್ತೆ ಮತ್ತೆ ದಾಟಿ, ಹೊರಗೆ ಹರಿಯುವ ಪ್ಲಾಸ್ಮಾವನ್ನು ಅಳೆಯಿತು.

ಈ ಬಟ್ಟಲು ಹೇಗೆ ಕೆಲಸ ಮಾಡುತ್ತದೆಂದು ಹೇಳಲು ನನಗೆ ಬಿ.ಎಸ್ಸಿ. ಪ್ರಯೋಗಾಲಯಕ್ಕಿಂತ ಒಳ್ಳೆಯ ಜಾಗ ಗೊತ್ತಿಲ್ಲ. ಪ್ಲಾಂಕ್ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗವನ್ನು ಮಾಡಿದವರಿಗೆಲ್ಲ ಇದು ಗೊತ್ತು: ಕಿಟಕಿಗೆ ಪರದೆ ಎಳೆದ ಕೋಣೆ, ದೀಪದ ಮುಂದೆ ಬಣ್ಣದ ಗಾಜು, ಆ ಬೆಳಕು ಬಿದ್ದ ಲೋಹದ ತಟ್ಟೆಯಿಂದ ಎಲೆಕ್ಟ್ರಾನುಗಳು ಎದ್ದು ಬರುವುದು, ಎದುರಿನ ತಂತಿಗೆ ಋಣ ವೋಲ್ಟೇಜು ಕೊಡುತ್ತ ಹೋದಂತೆ ಮೈಕ್ರೋ ಅಮ್ಮೀಟರಿನ ಮುಳ್ಳು ಇಳಿಯುತ್ತ ಬಂದು ಸೊನ್ನೆಗೆ ನಿಲ್ಲುವುದು. ಯಾವ ವೋಲ್ಟೇಜಿನಲ್ಲಿ ನಿಂತಿತೋ ಅದೇ ಆ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿ. ಬಾಹ್ಯಾಕಾಶದ ಬಟ್ಟಲಲ್ಲೂ ಇದೇ ತತ್ವ. ಬಾಯಲ್ಲಿ ಸೂಕ್ಷ್ಮ ಜಾಲರಿ, ತಳದಲ್ಲಿ ಪ್ರವಾಹ ಅಳೆಯುವ ತಟ್ಟೆ. ಎಲೆಕ್ಟ್ರಾನುಗಳನ್ನು ಅಳೆಯುವಾಗ ಜಾಲರಿಗೆ ಋಣ ವೋಲ್ಟೇಜು. ಅದನ್ನು ಮೀರುವಷ್ಟು ಶಕ್ತಿ ಇದ್ದವು ಮಾತ್ರ ಒಳಗೆ ಬಂದು ತಟ್ಟೆ ಮುಟ್ಟುತ್ತವೆ.

ಪ್ರಯೋಗಾಲಯದಲ್ಲಿ ನಾವು ಹುಡುಕುವ ಆ ದ್ಯುತಿವಿದ್ಯುತ್ ಪರಿಣಾಮವೇ ಬಾಹ್ಯಾಕಾಶದಲ್ಲಿ ದೊಡ್ಡ ಶತ್ರು. ಬಿಸಿಲು ಬಟ್ಟಲೊಳಗೆ ಬಿದ್ದರೆ ತಟ್ಟೆಯೇ ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ಹೊರಗಿನಿಂದ ಬಂದ ಅತಿ ಸಣ್ಣ ಪ್ರವಾಹ ಇದರಲ್ಲಿ ಮುಳುಗಿಹೋಗುತ್ತದೆ. ಎಂಐಟಿ ತಂಡ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಚೆಂದದ್ದು. ಜಾಲರಿಯ ವೋಲ್ಟೇಜನ್ನು ಸ್ಥಿರವಾಗಿ ಇಡದೆ ಎರಡು ಮಟ್ಟಗಳ ನಡುವೆ ವೇಗವಾಗಿ ಏರಿಳಿಸುತ್ತಾರೆ. ಆ ಎರಡು ಮಟ್ಟಗಳ ನಡುವಿನ ಶಕ್ತಿಯ ಕಣಗಳು ಒಮ್ಮೆ ಒಳಗೆ ಬರುತ್ತವೆ, ಒಮ್ಮೆ ತಡೆದು ನಿಲ್ಲುತ್ತವೆ. ಹಾಗಾಗಿ ಅವುಗಳ ಪ್ರವಾಹ ಏರಿಳಿಯುತ್ತದೆ. ಬಿಸಿಲು ಎಬ್ಬಿಸಿದ ಪ್ರವಾಹ ಒಂದೇ ಸಮ ಹರಿಯುತ್ತದೆ. ಏರಿಳಿತವನ್ನು ಮಾತ್ರ ವರ್ಧಿಸಿ, ಸಮವಾದದ್ದನ್ನು ಬಿಟ್ಟುಬಿಟ್ಟರಾಯಿತು. ಉಪಕರಣ ತನ್ನದನ್ನೂ ಹೊರಗಿನದನ್ನೂ ಬೇರ್ಪಡಿಸಲು ಕಲಿತದ್ದು ಹೀಗೆ. ಈ ಬೇರ್ಪಡಿಸುವ ಕಲೆಯೇ ಈ ವಿದ್ಯೆಯ ಜೀವಾಳ ಎಂದು ನಾನು ನಂಬಿದ್ದೇನೆ, ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಎಂಐಟಿಯ ಮಾತು ಬಂದಾಗ ನಮ್ಮ ಉಡುಪಿ ಸೀಮೆಯವಳಾದ ನಾನು ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರಲ್ಲಿ ಪಿಎಚ್.ಡಿ. ಮುಗಿಸಿ ಅದೇ ಅರವತ್ತರ ದಶಕದ ಆರಂಭದಲ್ಲಿ ಎಂಐಟಿಗೆ ಹೋದವರು. ಸೌರಮಾರುತ ಎಂಬುದು ಇದೆಯೋ ಇಲ್ಲವೋ ಎಂದು ಹಿರಿಯ ವಿಜ್ಞಾನಿಗಳೇ ವಾದಿಸುತ್ತಿದ್ದ ಕಾಲ ಅದು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್ 2 ತಿಂಗಳುಗಟ್ಟಲೆ ಅಳೆದು ತಂದ ಅಂಕಿಗಳನ್ನು ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಕಾನ್ವೆ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬೌವರ್ ಅವರ ಜೊತೆ ಕೂತು ವಿಶ್ಲೇಷಿಸಿದವರಲ್ಲಿ ರಾಯರು ಒಬ್ಬರು. ಮೂವರ ಹೆಸರಿನ ಪ್ರಬಂಧ 1963ರಲ್ಲಿ ಬಂತು. ಆ ಮಾರುತ ಬಿಟ್ಟುಬಿಟ್ಟು ಬೀಸುವುದಲ್ಲ, ಸದಾ ಬೀಸುತ್ತದೆ, ಅದರ ವೇಗ ಹೆಚ್ಚಾದಾಗ ಭೂಮಿಯ ಕಾಂತಕ್ಷೇತ್ರ ಕಲಕುತ್ತದೆ ಎಂಬುದು ಅದರಿಂದ ಗಟ್ಟಿಯಾಯಿತು. 1966ರಲ್ಲಿ ಅವರು ಭಾರತಕ್ಕೆ ಮರಳಿದರು. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿದ್ದು ಎಲ್ಲ ಕನ್ನಡಿಗರಿಗೂ ಗೊತ್ತು. ಅದಕ್ಕೂ ಮುಂಚೆ ಅವರು ಗ್ರಹಗಳ ನಡುವಿನ ಪ್ಲಾಸ್ಮಾವನ್ನು ಓದಿದವರು ಎಂಬುದು ನಮ್ಮ ಮಕ್ಕಳ ಪಠ್ಯಕ್ಕೆ ಇನ್ನೂ ಸರಿಯಾಗಿ ಬಂದಿಲ್ಲ. ಬರಬೇಕು.

ವಾಯೇಜರಿನ ಬಟ್ಟಲುಗಳಿಗೆ ಮುಖ್ಯಸ್ಥರಾಗಿದ್ದವರು ಅದೇ ಹರ್ಬರ್ಟ್ ಬ್ರಿಜ್. ನಾಲ್ಕರಲ್ಲಿ ಮೂರು ಭೂಮಿಯ ದಿಕ್ಕನ್ನು ಸುತ್ತುವರಿದು ಕೂತಿದ್ದವು. ಅಷ್ಟು ದೂರದಿಂದ ಭೂಮಿ ಮತ್ತು ಸೂರ್ಯ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಇರುವುದರಿಂದ ಅವು ಸೌರಮಾರುತಕ್ಕೆ ಎದುರಾಗಿದ್ದವು. ನಾಲ್ಕನೆಯದಕ್ಕೆ ಡಿ ಎಂದು ಹೆಸರು, ಅದು ಪಕ್ಕಕ್ಕೆ ಲಂಬವಾಗಿ ತಿರುಗಿತ್ತು. ಬಿಸಿಲು ನೇರವಾಗಿ ಬೀಳದ ಈ ಬಟ್ಟಲಿಗೇ ಎಲೆಕ್ಟ್ರಾನುಗಳನ್ನು ಅಳೆಯುವ ಕೆಲಸ ಒಪ್ಪಿಸಲಾಗಿತ್ತು. ಅದರ ವ್ಯಾಪ್ತಿ 10ರಿಂದ 5950 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನುಗಳ ಅಂಕಿಗಳನ್ನು ಬಿಡಿಸುವ ಭಾರ ಹೊತ್ತವರು ನಾಸಾದ ಗೊಡ್ಡಾರ್ಡ್ ಕೇಂದ್ರದ ಜಾಕ್ ಸ್ಕಡರ್, ಎಡ್ವರ್ಡ್ ಸಿಟ್ಲರ್ ಮತ್ತು ಕೀತ್ ಓಗಿಲ್ವಿ.

ಮಾರ್ಚ್ 5ರಂದು ವಾಯೇಜರ್ 1 ಗುರುವಿನ ಕೇಂದ್ರದಿಂದ ಸುಮಾರು 3,49,000 ಕಿಲೋಮೀಟರಿನವರೆಗೆ ಹೋಯಿತು. ಅಯೋದ ಕಕ್ಷೆ ಇರುವುದು ಸುಮಾರು 4,22,000 ಕಿಲೋಮೀಟರಿನಲ್ಲಿ. ಎಂದರೆ ನೌಕೆ ಅಯೋದ ಹಾದಿಯನ್ನು ದಾಟಿ ಒಳಗೆ ಹೋಗಿ ಮತ್ತೆ ಹೊರಬಂತು. ಆ ಕೆಲವು ಗಂಟೆಗಳಲ್ಲಿ ಬಟ್ಟಲು ಕಂಡದ್ದು ಗುರುವನ್ನು ಸುತ್ತುವರಿದ ಒಂದು ದಪ್ಪ ಪ್ಲಾಸ್ಮಾ ಬಳೆ. ಅದರ ಆಕಾರ ನಮ್ಮ ಉದ್ದಿನವಡೆಯದು. ತೂತಿನಲ್ಲಿ ಗುರು, ವಡೆಯ ಮೈಯಲ್ಲಿ ಅಯೋ. ಒಂದು ಘನ ಸೆಂಟಿಮೀಟರಿಗೆ ಎರಡು-ಮೂರು ಸಾವಿರ ಎಲೆಕ್ಟ್ರಾನುಗಳು. ಭೂಮಿಯ ಬಳಿಯ ಸೌರಮಾರುತದಲ್ಲಿ ಅಷ್ಟೇ ಜಾಗದಲ್ಲಿ ಸಿಗುವುದು ಐದೋ ಹತ್ತೋ. ಅಯಾನುಗಳು ಗಂಧಕ ಮತ್ತು ಆಮ್ಲಜನಕದವು. ನೌಕೆಯ ಅತಿನೇರಳೆ ಉಪಕರಣ ಕೂಡ ಅದೇ ಬಳೆ ಲಕ್ಷ ಕೋಟಿ ವಾಟ್‌ಗಳ ಲೆಕ್ಕದಲ್ಲಿ ಹೊಳೆಯುತ್ತಿರುವುದನ್ನು ಕಂಡಿತು.

ಗಂಧಕ ಎಲ್ಲಿಂದ ಬಂತು? ಅದಕ್ಕೆ ಉತ್ತರ ಕೆಲವೇ ದಿನಗಳಲ್ಲಿ ಸಿಕ್ಕಿತು. ಮಾರ್ಚ್ 2ರ ‘ಸೈನ್ಸ್’ ಪತ್ರಿಕೆಯಲ್ಲಿ ಸ್ಟಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸೆನ್ ಮತ್ತು ರೇ ರೆನಾಲ್ಡ್ಸ್ ಅವರು ಗುರುವಿನ ಎಳೆತಕ್ಕೆ ಸಿಕ್ಕಿ ಅಯೋದ ಒಡಲು ಕರಗಿರಬೇಕು ಎಂದು ಲೆಕ್ಕ ಹಾಕಿ ತೋರಿಸಿದ್ದರು. 8ನೆಯ ತಾರೀಖು ನೌಕೆ ಹಿಂತಿರುಗಿ ತೆಗೆದ ಚಿತ್ರದಲ್ಲಿ ಲಿಂಡಾ ಮೊರಾಬಿಟೊ ಎಂಬ ಎಂಜಿನಿಯರ್ ಅಯೋದ ಅಂಚಿನಲ್ಲಿ ಚಿಮ್ಮು ಗುರುತಿಸಿದರು. ಈಗ ಎಲ್ಲ ಕೂಡಿಬಂತು. ಜ್ವಾಲಾಮುಖಿಗಳು ಉಗುಳಿದ ಗಂಧಕದ ಡೈಆಕ್ಸೈಡಿನಿಂದ ಸೆಕೆಂಡಿಗೆ ಸುಮಾರು ಒಂದು ಟನ್ ದ್ರವ್ಯ ಅಯೋದ ಕೈತಪ್ಪಿ ಹೋಗುತ್ತದೆ. ಅದನ್ನು ಒಡೆದು, ವಿದ್ಯುತ್ ಕಣಗಳನ್ನಾಗಿ ಮಾಡುವ ಕೆಲಸ ಬಹುಪಾಲು ಎಲೆಕ್ಟ್ರಾನುಗಳದೇ. ಅಯೋ ತನ್ನ ಕಕ್ಷೆಯಲ್ಲಿ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದ್ದರೆ, ಹತ್ತು ಗಂಟೆಗೆ ಒಂದು ಸುತ್ತು ತಿರುಗುವ ಗುರುವಿನ ಕಾಂತಕ್ಷೇತ್ರ ಅಲ್ಲಿ 74 ಕಿಲೋಮೀಟರ್ ವೇಗದಲ್ಲಿ ಬೀಸುತ್ತದೆ. ಹೊಸ ಅಯಾನು ಹುಟ್ಟಿದ ಕ್ಷಣವೇ ಕ್ಷೇತ್ರ ಅದನ್ನು ಸೆಳೆದುಕೊಳ್ಳುತ್ತದೆ. ಗಂಧಕದ ಅಯಾನಿಗೆ ಐನೂರಕ್ಕೂ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಒಮ್ಮೆಗೇ ಬರುತ್ತದೆ. ಅಯಾನು ಆ ಬಿಸಿಯನ್ನು ನಿಧಾನವಾಗಿ ಎಲೆಕ್ಟ್ರಾನಿಗೆ ಹಂಚುತ್ತದೆ. ಎಲೆಕ್ಟ್ರಾನು ಇನ್ನೊಂದು ಅಯಾನಿಗೆ ಡಿಕ್ಕಿ ಹೊಡೆದು ಅದನ್ನು ಹೊಳೆಯಿಸುತ್ತದೆ, ತಾನು ತಣ್ಣಗಾಗುತ್ತದೆ. ಅಯೋ ಗುರುವಿನ ರೇಡಿಯೋವನ್ನು ಆಳುವುದು ಹೇಗೆ ಎಂಬ ಬಿಗ್ ಅವರ ಒಗಟಿಗೂ ಇಲ್ಲೇ ಉತ್ತರವಿತ್ತು: ಈ ಹರಿವಿಗೆ ಅಯೋ ಅಡ್ಡ ನಿಲ್ಲುವುದರಿಂದ ಹುಟ್ಟುವ ಪ್ರವಾಹಗಳು ಕಾಂತರೇಖೆಗಳ ಗುಂಟ ಗುರುವಿನವರೆಗೂ ಹೋಗುತ್ತವೆ.

ಇಷ್ಟನ್ನು ಈಗ ಸರಾಗವಾಗಿ ಬರೆದುಬಿಡಬಹುದು. ಅಂದು ಆ ಅಂಕಿಗಳ ಮುಂದೆ ಕೂತವರ ಪಾಡು ಬೇರೆ. ಬಳೆಯ ನಡುವಿನ ಎಲೆಕ್ಟ್ರಾನುಗಳ ತಾಪ ಸುಮಾರು ಐದು ಎಲೆಕ್ಟ್ರಾನ್ ವೋಲ್ಟ್. ಬಟ್ಟಲು ಎಣಿಸಲು ಶುರುಮಾಡುವುದೇ ಹತ್ತರಿಂದ. ಎಂದರೆ ಬಹುಪಾಲು ಎಲೆಕ್ಟ್ರಾನುಗಳು ಉಪಕರಣದ ಹೊಸ್ತಿಲ ಕೆಳಗೇ ಉಳಿದುಹೋದವು. ಸಾಲದ್ದಕ್ಕೆ ನೌಕೆಗೇ ಒಂದು ವಿದ್ಯುತ್ ವಿಭವ ಇರುತ್ತದೆ. ಬಿಸಿಲು ನೌಕೆಯ ಮೈಯಿಂದ ಎಲೆಕ್ಟ್ರಾನುಗಳನ್ನು ಕಿತ್ತಾಗ ಅದು ಕೆಲವು ವೋಲ್ಟ್ ಧನಾತ್ಮಕವಾಗುತ್ತದೆ, ಹೊರಗಿನ ಎಲೆಕ್ಟ್ರಾನುಗಳನ್ನು ಎಳೆದುಕೊಂಡು ಅವುಗಳ ಶಕ್ತಿಯನ್ನು ಹೆಚ್ಚಿಸಿ ತೋರಿಸುತ್ತದೆ. ದಟ್ಟ ಪ್ಲಾಸ್ಮಾದೊಳಗೆ ಮುಳುಗಿದಾಗ ಎಲೆಕ್ಟ್ರಾನುಗಳು ಮೈತುಂಬ ಅಂಟಿ ನೌಕೆ ಋಣಾತ್ಮಕವಾಗುತ್ತದೆ, ಮಂದ ಎಲೆಕ್ಟ್ರಾನುಗಳನ್ನು ದೂರ ತಳ್ಳುತ್ತದೆ. ಅಳೆಯಲು ಹೋದವನೇ ಅಳತೆಯನ್ನು ಬದಲಿಸುತ್ತಾನೆ. ಇದನ್ನು ಸರಿಪಡಿಸಲು ಅವರು ಹಿಡಿದ ದಾರಿ ಪ್ರಾಮಾಣಿಕವಾದದ್ದು: ಪ್ಲಾಸ್ಮಾ ಒಟ್ಟಾರೆ ತಟಸ್ಥ, ಆದ್ದರಿಂದ ಅಯಾನುಗಳ ಒಟ್ಟು ಧನಾವೇಶವನ್ನು ಲೆಕ್ಕ ಮಾಡಿದರೆ ಎಲೆಕ್ಟ್ರಾನುಗಳು ಎಷ್ಟಿರಲೇಬೇಕು ಎಂಬುದು ತಿಳಿಯುತ್ತದೆ. ಜೊತೆಗೆ ನೌಕೆಯ ರೇಡಿಯೋ ಆಂಟೆನಾಗಳು ಕೇಳಿಸಿಕೊಂಡ ಪ್ಲಾಸ್ಮಾ ಅಲೆಗಳ ಆವರ್ತಾಂಕವೂ ಇತ್ತು. ಅದು ನೇರವಾಗಿ ಎಲೆಕ್ಟ್ರಾನ್ ಸಾಂದ್ರತೆಯನ್ನೇ ಹೇಳುತ್ತದೆ. ಮೂರು ಕಡೆಯ ಸಾಕ್ಷಿ ತಾಳೆಯಾದ ಮೇಲಷ್ಟೇ ಒಂದು ಸಂಖ್ಯೆ ಬರೆಯುವುದು. ಸ್ಕಡರ್, ಸಿಟ್ಲರ್, ಬ್ರಿಜ್ ಅವರ ಗುರುವಿನ ಎಲೆಕ್ಟ್ರಾನ್ ಸಮೀಕ್ಷೆ ಪ್ರಕಟವಾದದ್ದು 1981ರಲ್ಲಿ. ಬಳೆಯ ಎಲೆಕ್ಟ್ರಾನುಗಳ ಬಗ್ಗೆಯೇ ಸಿಟ್ಲರ್ ಮತ್ತು ಡ್ಯಾರೆಲ್ ಸ್ಟ್ರೋಬೆಲ್ ಬರೆದ ಪ್ರಬಂಧ ಬಂದದ್ದು 1987ರಲ್ಲಿ, ಆ ಕೆಲವು ಗಂಟೆಗಳ ಅಳತೆ ನಡೆದು ಎಂಟು ವರ್ಷದ ಮೇಲೆ. ಈ ನಿಧಾನವನ್ನು ನಾನು ಗೌರವಿಸುತ್ತೇನೆ.

ಆ ಸಮೀಕ್ಷೆಗಳಲ್ಲಿ ಕಂಡ ದೊಡ್ಡ ಸಂಗತಿ ಎಂದರೆ ಎಲೆಕ್ಟ್ರಾನುಗಳಿಗೆ ಒಂದೇ ತಾಪ ಇರಲಿಲ್ಲ. ಪಠ್ಯಪುಸ್ತಕದ ಮ್ಯಾಕ್ಸ್‌ವೆಲ್ ವಿತರಣೆ ಪಾಲಿಸುವ ತಣ್ಣಗಿನ ಒಂದು ಗುಂಪು, ಅದರ ಜೊತೆಗೆ ನೂರಾರು, ಸಾವಿರ ಎಲೆಕ್ಟ್ರಾನ್ ವೋಲ್ಟ್‌ನ ಬಿಸಿ ಗುಂಪು ಇನ್ನೊಂದು. ಬಳೆಯ ದಟ್ಟ ಭಾಗದಲ್ಲಿ ಬಿಸಿಯವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಹೊರಗೆ ಹೋದಂತೆ ಅವುಗಳ ಪಾಲು ಏರಿತು, ತಣ್ಣಗಿನವೂ ಬಿಸಿಯಾದವು. ಹೊರಗೆ ಹರಡುವ ಅನಿಲ ತಣ್ಣಗಾಗಬೇಕು ಎಂಬುದು ನಾವು ಮಕ್ಕಳಿಗೆ ಕಲಿಸುವ ಮೊದಲ ಪಾಠ. ಗುರುವಿನಲ್ಲಿ ಅದು ತಿರುವುಮುರುವು. ಅಯಾನುಗಳಿಂದ ಬರುವ ಶಕ್ತಿಯಷ್ಟೇ ಬಳೆಯ ಹೊಳಪಿಗೆ ಸಾಲುವುದಿಲ್ಲ, ಆ ಕೊರತೆಯನ್ನು ಈ ಅಲ್ಪಸಂಖ್ಯಾತ ಬಿಸಿ ಎಲೆಕ್ಟ್ರಾನುಗಳು ತುಂಬುತ್ತಿರಬೇಕು ಎಂಬ ವಿಚಾರ ಅಲ್ಲಿಂದ ಬೆಳೆಯಿತು. 1992ರಲ್ಲಿ ಯುಲಿಸಿಸ್ ನೌಕೆ ಆ ಬಳೆಯ ಮೂಲಕ ಹಾದುಹೋಯಿತು. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆ ಗುರುವಿನ ಕಕ್ಷೆ ಸೇರಿ ಎಂಟು ವರ್ಷ ಅಲ್ಲೇ ಇತ್ತು. ಅಷ್ಟಾದರೂ ಬಳೆಯ ಯಾವ ಮಾದರಿಯನ್ನು ಕಟ್ಟಹೊರಟರೂ ವಾಯೇಜರ್ 1ರ ಆ ದಿನದ ಅಂಕಿಗಳು ಮೊದಲ ಸಾಲಿನಲ್ಲೇ ಬರುತ್ತವೆ.

ಶನಿಯ ಕಥೆ ನನಗೆ ಇನ್ನೂ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಎಲೆಕ್ಟ್ರಾನುಗಳು ಒಂದು ಸತ್ಯವನ್ನು ಕಾಲು ಶತಮಾನ ಮೊದಲೇ ಹೇಳಿದ್ದವು. ವಾಯೇಜರ್ 1 ಅಲ್ಲಿಗೆ ಹೋದದ್ದು 1980ರ ನವೆಂಬರ್ 12ರಂದು, ವಾಯೇಜರ್ 2 ಮರುವರ್ಷ ಆಗಸ್ಟಿನಲ್ಲಿ. ಮೊದಲನೆಯದು ಶನಿಯ ಉಪಗ್ರಹ ಟೈಟನ್ನಿನ ಬೆನ್ನ ಹಿಂದೆ ಹಾದಾಗ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳು ಅಲ್ಲಿ ಕಾಣೆಯಾಗಿದ್ದವು. ಟೈಟನ್ನಿನ ದಟ್ಟ ವಾತಾವರಣ ಅವನ್ನು ನುಂಗಿತ್ತು. ಸಿಟ್ಲರ್, ಓಗಿಲ್ವಿ, ಸ್ಕಡರ್ 1983ರಲ್ಲಿ ಪ್ರಕಟಿಸಿದ ಶನಿಯ ಎಲೆಕ್ಟ್ರಾನ್ ಸಮೀಕ್ಷೆ ಇಡೀ ಕಾಂತಗೋಳವನ್ನು ಮೂರು ವಲಯಗಳಾಗಿ ವಿಂಗಡಿಸಿತು: ಹೊರಗೆ ಬಿಸಿ, ವಿರಳ, ನಡುವೆ ವಿಸ್ತಾರವಾದ ಪ್ಲಾಸ್ಮಾ ಹಾಳೆ, ಒಳಗೆ ತಣ್ಣಗಿನ ದಟ್ಟ ಬಳೆ. ಒಳಗೆ ಹೋದಂತೆ ಬಿಸಿ ಎಲೆಕ್ಟ್ರಾನುಗಳು ಹೇಳಹೆಸರಿಲ್ಲದಂತೆ ಕಡಿಮೆಯಾದವು. ಯಾವುದೋ ಅವನ್ನು ತಿನ್ನುತ್ತಿತ್ತು. ತಟಸ್ಥ ಅನಿಲವೋ, ಶನಿಯ ಇ ಉಂಗುರದ ಧೂಳೋ ಕಾರಣ ಇರಬೇಕು ಎಂದು ಅಂದೇ ಊಹಿಸಲಾಯಿತು. ಆ ಬಟ್ಟಲಿಗೆ ಸಾರಜನಕ ಮತ್ತು ಆಮ್ಲಜನಕದ ಅಯಾನುಗಳನ್ನು ಬೇರೆ ಮಾಡಿ ಹೇಳುವ ಶಕ್ತಿ ಇರಲಿಲ್ಲ, ಅವುಗಳ ತೂಕ 14 ಮತ್ತು 16, ತೀರ ಹತ್ತಿರ. ಹಾಗಾಗಿ ಟೈಟನ್ನಿನ ಸಾರಜನಕವೋ, ಹಿಮದ ಉಪಗ್ರಹಗಳ ನೀರೋ ಎಂಬ ವಾದ ನಡೆಯುತ್ತಲೇ ಇತ್ತು. 1993ರಲ್ಲಿ ಹಬಲ್ ದೂರದರ್ಶಕದ ಅವಲೋಕನಗಳಿಂದ ಶನಿಯ ಸುತ್ತ ಹೈಡ್ರಾಕ್ಸಿಲ್ ಮೋಡ ಇದೆ ಎಂದು ತಿಳಿಯಿತು. ನೀರು ಒಡೆದಾಗ ಸಿಗುವ ಚೂರು ಅದು. ಆದರೆ ಅಷ್ಟೊಂದು ನೀರು ಎಲ್ಲಿಂದ?

2005ರಲ್ಲಿ ಕ್ಯಾಸಿನಿ ನೌಕೆ ಎನ್ಸೆಲಾಡಸ್ ಎಂಬ ಐನೂರು ಕಿಲೋಮೀಟರ್ ವ್ಯಾಸದ ಹಿಮಗೋಳದ ಪಕ್ಕ ಹಾದಾಗ ಉತ್ತರ ಸಿಕ್ಕಿತು. ಮೊದಲ ಸುಳಿವು ಕೊಟ್ಟದ್ದು ಮಿಷೆಲ್ ಡಗರ್ಟಿ ಅವರ ಕಾಂತಮಾಪಕ. ಆಮೇಲೆ ಗೊತ್ತಾಯಿತು, ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ ಸೆಕೆಂಡಿಗೆ 200–300 ಕಿಲೋಗ್ರಾಂ ಚಿಮ್ಮುತ್ತಿದೆ. ಶನಿಯ ಒಳ ವಲಯದಲ್ಲಿ ಅಯಾನುಗಳಿಗಿಂತ ಬರಿ ಅಣುಗಳೇ ಬಹಳ. ಎಲೆಕ್ಟ್ರಾನುಗಳು ಆ ನೀರಿನ ಅಣುಗಳಿಗೆ ಡಿಕ್ಕಿ ಹೊಡೆದು ಹೊಡೆದು ಶಕ್ತಿ ಕಳೆದುಕೊಳ್ಳುತ್ತವೆ. ತಣ್ಣಗಾದ ಎಲೆಕ್ಟ್ರಾನಿಗೆ ಅಣುವನ್ನು ಅಯಾನು ಮಾಡುವ ತಾಕತ್ತು ಉಳಿಯುವುದಿಲ್ಲ, ಹಾಗಾಗಿ ನೀರು ನೀರಾಗಿಯೇ ಬಹುಕಾಲ ಉಳಿಯುತ್ತದೆ. ಗುರುವಿನಲ್ಲಿ ಅಯಾನುಗಳ ರಾಜ್ಯ, ಶನಿಯಲ್ಲಿ ಅಣುಗಳ ರಾಜ್ಯ. ಈ ವ್ಯತ್ಯಾಸವನ್ನು ಕಾಯುತ್ತಿರುವುದು ಎಲೆಕ್ಟ್ರಾನುಗಳ ತಾಪ. ಕ್ಯಾಸಿನಿಯಲ್ಲಿ ಇದನ್ನು ಅಳೆದದ್ದು ಲಂಡನ್ ಯೂನಿವರ್ಸಿಟಿ ಕಾಲೇಜಿನ ಮುಲ್ಲಾರ್ಡ್ ಪ್ರಯೋಗಾಲಯದಲ್ಲಿ ತಯಾರಾದ ಎಲೆಕ್ಟ್ರಾನ್ ಮಾಪಕ, 0.6 ಎಲೆಕ್ಟ್ರಾನ್ ವೋಲ್ಟ್‌ನಿಂದ 28,000ದವರೆಗೆ ಅದರ ಹರವು. ವಾಯೇಜರಿನ ಹತ್ತರ ಹೊಸ್ತಿಲಿನ ತೊಡಕನ್ನು ತಿಳಿದವರಿಗೆ ಆ 0.6 ಎಂಬ ಸಂಖ್ಯೆ ಎಂಥ ಗೆಲುವು ಎಂಬುದು ಅರ್ಥವಾದೀತು. ಹಾಗೆಂದು ನೌಕೆಯದೇ ದ್ಯುತಿ ಎಲೆಕ್ಟ್ರಾನುಗಳ ಕಾಟ ಕ್ಯಾಸಿನಿಯಲ್ಲೂ ತಪ್ಪಲಿಲ್ಲ. ಅವನ್ನು ಗುರುತಿಸಿ, ಕಳೆದು, ಉಳಿದದ್ದನ್ನೇ ಶನಿಯದೆಂದು ತೆಗೆದುಕೊಳ್ಳಬೇಕಿತ್ತು.

ಗುರುವಿಗೆ 2016ರ ಜುಲೈಯಲ್ಲಿ ಬಂದ ಜುನೊ ನೌಕೆ ಧ್ರುವಗಳ ಮೇಲೆ ಹಾರುತ್ತ ಅರೋರಾ ಬೆಳಕಿಗೆ ಕಾರಣವಾದ ಎಲೆಕ್ಟ್ರಾನುಗಳನ್ನೇ ಹಿಡಿಯಿತು. ಅದರಲ್ಲಿ ಕಡಿಮೆ ಶಕ್ತಿಯವಕ್ಕೆ ಒಂದು ಉಪಕರಣ, ಹೆಚ್ಚಿನವಕ್ಕೆ ಇನ್ನೊಂದು. ಭೂಮಿಯ ಅರೋರಾದಂತೆಯೇ ಸ್ಥಿರ ವಿಭವವೊಂದು ಎಲೆಕ್ಟ್ರಾನುಗಳನ್ನು ಕೆಳಕ್ಕೆ ನೂಕುತ್ತದೆ ಎಂದು ನಿರೀಕ್ಷಿಸಿದ್ದರು. ನಾಲ್ಕು ಲಕ್ಷ ವೋಲ್ಟ್‌ನಷ್ಟು ವಿಭವ ಕಂಡಿತೂ ಹೌದು. ಆದರೆ ಅತಿ ಪ್ರಕಾಶದ ಅರೋರಾಗಳನ್ನು ಬೆಳಗುವುದು ಅದಲ್ಲ, ಎಲ್ಲ ಶಕ್ತಿಗಳಲ್ಲೂ ಹರಡಿಕೊಂಡ ಬೇರೊಂದು ಬಗೆಯ ವೇಗೋತ್ಕರ್ಷ. ಅದು ಇನ್ನೂ ನಡೆಯುತ್ತಿರುವ ಚರ್ಚೆ, ಇತಿಹಾಸವಾಗಿ ಬರೆಯಲು ಇನ್ನೂ ಕಾಲವಿದೆ.

ವಾಯೇಜರ್ 2ರ ಮುಂದಿನ ಪಯಣದ ಬಗ್ಗೆ ಹೇಳಬೇಕು. 1986ರ ಜನವರಿ 24ರಂದು ಅದು ಯುರೇನಸ್ಸಿನ ಬಳಿ ಹೋದಾಗ ಬಟ್ಟಲಿಗೆ ಸಿಕ್ಕಿದ್ದು ಘನ ಸೆಂಟಿಮೀಟರಿಗೆ ಒಂದೆರಡು ಕಣ. ಕಾಂತ ಅಕ್ಷ ತಿರುಗುವ ಅಕ್ಷದಿಂದ 59 ಡಿಗ್ರಿ ವಾಲಿತ್ತು. ಪ್ಲಾಸ್ಮಾ ಇಷ್ಟು ವಿರಳ, ಆದರೆ ವಿಕಿರಣ ಪಟ್ಟಿ ಮಾತ್ರ ಬಲು ತೀವ್ರ. ಎರಡೂ ಒಟ್ಟಿಗೆ ಹೇಗೆ ಎಂಬುದು ಅರ್ಥವಾಗದೆ, ಯುರೇನಸ್ಸಿನ ಉಪಗ್ರಹಗಳು ಸತ್ತ ಹಿಮಗಡ್ಡೆಗಳು, ಏನನ್ನೂ ಹೊರಸೂಸುವುದಿಲ್ಲ ಎಂಬ ಅಭಿಪ್ರಾಯ ಊರಿಕೊಂಡಿತು. ಮೂವತ್ತೆಂಟು ವರ್ಷದ ಮೇಲೆ, 2024ರ ನವೆಂಬರಿನಲ್ಲಿ, ಜೇಮಿ ಜಾಸಿನ್‌ಸ್ಕಿ ಮತ್ತು ಸಂಗಡಿಗರು ಅದೇ ಹಳೆಯ ಅಂಕಿಗಳನ್ನು ಮತ್ತೆ ಓದಿ ಪ್ರಕಟಿಸಿದರು: ನೌಕೆ ತಲುಪುವ ಸ್ವಲ್ಪ ಮುಂಚೆ ಸೌರಮಾರುತದ ಒತ್ತಡ ಜೋರಾಗಿ ಏರಿ ಯುರೇನಸ್ಸಿನ ಕಾಂತಗೋಳವನ್ನು ಅದುಮಿಬಿಟ್ಟಿತ್ತು. ಅಂಥ ಸ್ಥಿತಿ ಇರುವುದು ಒಟ್ಟು ಕಾಲದ ನೂರಕ್ಕೆ ಐದು ಪಾಲಿಗಿಂತ ಕಡಿಮೆ. ವಾಯೇಜರ್ ಕಂಡದ್ದು ಯುರೇನಸ್ಸಿನ ಎಂದಿನ ಮುಖವಾಗಿರಲಿಲ್ಲ. ಉಪಗ್ರಹಗಳ ವಿಚಾರ ಮತ್ತೆ ತೆರೆದುಕೊಂಡಿದೆ. ಅಳತೆಯನ್ನು ಕಾಪಿಟ್ಟವರಿಗೆ, ಹಳೆಯ ಟೇಪುಗಳಿಂದ ಹೊಸ ಕಡತಗಳಿಗೆ ಅವನ್ನು ದಾಟಿಸುತ್ತ ಬಂದವರಿಗೆ ನಾವು ಕೃತಜ್ಞರಾಗಿರಬೇಕು.

ವಾಯೇಜರ್ 1ರ ಬಟ್ಟಲುಗಳು ಶನಿಯನ್ನು ದಾಟಿದ ಕೆಲ ದಿನಗಳಲ್ಲೇ, 1980ರಲ್ಲಿಯೇ ಕೆಟ್ಟವು. ಆದ್ದರಿಂದ 2012ರ ಆಗಸ್ಟಿನಲ್ಲಿ ಅದು ಸೂರ್ಯನ ಪ್ರಭಾವದ ಗಡಿ ದಾಟಿದಾಗ ನೇರ ಎಣಿಕೆ ಸಾಧ್ಯವಾಗಲಿಲ್ಲ. ಅಯೋವಾದ ಡೊನಾಲ್ಡ್ ಗರ್ನೆಟ್ ಅವರ ಆಂಟೆನಾ 2013ರ ವಸಂತದಲ್ಲಿ 2.6 ಕಿಲೋಹರ್ಟ್ಸ್‌ನ ಪ್ಲಾಸ್ಮಾ ಕಂಪನ ಕೇಳಿಸಿಕೊಂಡಿತು. ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನ್ ಎಂದು ಲೆಕ್ಕ ಬಂತು, ನೌಕೆ ನಕ್ಷತ್ರಗಳ ನಡುವೆ ಇದೆ ಎಂಬುದು ಆ ಒಂದು ಸಂಖ್ಯೆಯಿಂದ ಖಚಿತವಾಯಿತು. ವಾಯೇಜರ್ 2ರ ಬಟ್ಟಲುಗಳು ಜೀವಂತವಿದ್ದವು, 2018ರ ನವೆಂಬರ್ 5ರ ಗಡಿ ದಾಟುವಿಕೆಯನ್ನು ತಾವೇ ಅಳೆದವು. ಸೂರ್ಯನ ಕಡೆ ನೋಡುವ ಮೂರಕ್ಕೆ ಆಮೇಲೆ ಅಳೆಯಲು ಮಾರುತವೇ ಇರಲಿಲ್ಲ. ಪಕ್ಕಕ್ಕೆ ತಿರುಗಿದ್ದ ನಾಲ್ಕನೆಯದು, ಮೂರು ತಿಂಗಳಿಗೊಮ್ಮೆ ನೌಕೆ ಪೂರ್ತಿ ಒಂದು ಸುತ್ತು ತಿರುಗುವಾಗ, ಉಪಯುಕ್ತ ಅಂಕಿ ಕೊಡುತ್ತಿತ್ತು. ವಿದ್ಯುತ್ ಉಳಿಸಲು 2024ರ ಸೆಪ್ಟೆಂಬರ್ 26ರಂದು ಆ ಉಪಕರಣವನ್ನು ಆರಿಸಲಾಯಿತು.

ಎಲೆಕ್ಟ್ರಾನ್ ಎಣಿಸುವ ವಿದ್ಯೆ ಇಂದು ನಮ್ಮ ದೇಶದಲ್ಲೂ ಇದೆ. 2023ರ ಸೆಪ್ಟೆಂಬರಿನಲ್ಲಿ ಹೊರಟ ಆದಿತ್ಯ-ಎಲ್1ರಲ್ಲಿ ತಿರುವನಂತಪುರದ ಬಾಹ್ಯಾಕಾಶ ಭೌತವಿಜ್ಞಾನ ಪ್ರಯೋಗಾಲಯದ ‘ಪಾಪಾ’ ಎಂಬ ಉಪಕರಣ ಸೌರಮಾರುತದ ಎಲೆಕ್ಟ್ರಾನುಗಳನ್ನು ಅಳೆಯುತ್ತದೆ, ನೌಕೆಯ ಮಾತು ಕೇಳಿಸಿಕೊಳ್ಳುವ ದೊಡ್ಡ ಆಂಟೆನಾ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ರಾಯರು ಮ್ಯಾರಿನರ್ ಅಂಕಿಗಳ ಮುಂದೆ ಕೂತು ಅರವತ್ತು ವರ್ಷಗಳಾದ ಮೇಲೆ ಇದು.

ಇನ್ನು ಗುರುವಿಗೆ ಹೋಗುವ ಹಾದಿಯಲ್ಲಿ ಎರಡು ನೌಕೆಗಳಿವೆ. ಯುರೋಪಿನ ಜ್ಯೂಸ್ 2023ರ ಏಪ್ರಿಲಿನಲ್ಲಿ ಹೊರಟಿತು. ನಾಸಾದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್ 14ರಂದು ಹೊರಟು 2030ರಲ್ಲಿ ತಲುಪಲಿದೆ. ಕ್ಲಿಪ್ಪರಿನ ಪ್ಲಾಸ್ಮಾ ಉಪಕರಣದಲ್ಲಿ ಇರುವುದು ಮತ್ತೆ ನಾಲ್ಕು ಫ್ಯಾರಡೆ ಬಟ್ಟಲುಗಳು. ಈ ಬಾರಿ ಅವುಗಳ ಕೆಲಸ ಹೀಗೆ: ಗುರುವಿನ ಉಪಗ್ರಹ ಯುರೋಪಾದ ಹಿಮದ ಕೆಳಗಿನ ಉಪ್ಪುನೀರಿನ ಸಾಗರ ಗುರುವಿನ ಕಾಂತಕ್ಷೇತ್ರಕ್ಕೆ ಪ್ರತಿಯಾಗಿ ತನ್ನದೊಂದು ಸಣ್ಣ ಕ್ಷೇತ್ರ ಹುಟ್ಟಿಸುತ್ತದೆ, ಅದನ್ನು ಕಾಂತಮಾಪಕ ಅಳೆಯುತ್ತದೆ. ಆದರೆ ಸುತ್ತಲಿನ ಪ್ಲಾಸ್ಮಾದ ಪ್ರವಾಹಗಳೂ ಕಾಂತಕ್ಷೇತ್ರ ಹುಟ್ಟಿಸುತ್ತವೆ. ಬಟ್ಟಲುಗಳು ಅಯಾನುಗಳನ್ನೂ ಎಲೆಕ್ಟ್ರಾನುಗಳನ್ನೂ ಎಣಿಸಿ ಪ್ಲಾಸ್ಮಾದ ಪಾಲನ್ನು ಲೆಕ್ಕ ಮಾಡುತ್ತವೆ. ಅದನ್ನು ಕಳೆದ ಮೇಲೆ ಉಳಿದದ್ದರಿಂದ ಸಾಗರದ ಆಳವೆಷ್ಟು, ಅದರ ಉಪ್ಪು ಎಷ್ಟು, ಮೇಲಿನ ಹಿಮದ ದಪ್ಪವೆಷ್ಟು ಎಂಬುದನ್ನು ಹೇಳಬಹುದು.